ಪಿನ್ ಕೂತರೆ ಸಾಲದು, ಮಾತೂ ಕೂಡಬೇಕು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಪ್ರತಿ ವರ್ಷ ನನ್ನನ್ನು ಮಾತೃಭಾಷೆಯ ಬಗ್ಗೆಯೋ ಪರೀಕ್ಷೆಯ ತಯಾರಿಯ ಬಗ್ಗೆಯೋ ಮಾತನಾಡಲು ಕರೆಯುತ್ತಾರೆ. ಈ ಸಲ ವಿಷಯವನ್ನು ನಾನೇ ಕೇಳಿ ಪಡೆದೆ. ವಿದ್ಯುತ್ ವಾಹನಗಳ ಚಾರ್ಜಿಂಗ್ ಪಿನ್ನು ಮತ್ತು ಕೇಬಲ್. ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಕರೆಂಟಿನ ಉಸಾಬರಿ ಯಾಕೆ ಎಂದು ಕಾರ್ಯದರ್ಶಿಗಳು ನಕ್ಕರು. ಯಾಕೆಂದು ಹೇಳುತ್ತೇನೆ.

ನಮ್ಮ ಶಾಲೆಯ ಏಳನೇ ತರಗತಿಯ ಹುಡುಗನೊಬ್ಬ ವಾರದಲ್ಲಿ ಎರಡು ಮೂರು ದಿನ ಗೈರುಹಾಜರಾಗತೊಡಗಿದ. ಮನೆಗೆ ಹೋಗಿ ವಿಚಾರಿಸಿದೆ. ತಂದೆ ಬೆಡ್‌ಶೀಟ್, ನೈಟಿ ಕಟ್ಟಿಕೊಂಡು ಬಿಳಿಕೆರೆ, ಹನಗೋಡು, ಗಾವಡಗೆರೆ ಕಡೆಯ ಹಳ್ಳಿಗಳನ್ನು ಸುತ್ತಿ ಮಾರುವವರು. ಪೆಟ್ರೋಲ್ ಖರ್ಚು ತಾಳಲಾರದೆ 2021ರಲ್ಲಿ ಕಡಿಮೆ ಬೆಲೆಯ ಒಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದರು. ಲೈಸೆನ್ಸ್ ಬೇಡ, ನೋಂದಣಿ ಬೇಡ, ಗಂಟೆಗೆ 25 ಕಿಲೋಮೀಟರ್ ಮಾತ್ರ ಓಡುವ ಗಾಡಿ. ಎರಡು ವರ್ಷ ಚೆನ್ನಾಗಿ ಓಡಿತು. 2023ರ ಮಳೆಗಾಲದಲ್ಲಿ ಚಾರ್ಜರ್ ಸುಟ್ಟಿತು. ಕೊಂಡ ಅಂಗಡಿಗೆ ಹೋದರೆ ಬಾಗಿಲು ಮುಚ್ಚಿತ್ತು, ಬೋರ್ಡೂ ಇರಲಿಲ್ಲ. ಬೇರೆಡೆ ವಿಚಾರಿಸಿ ಒಂದು ಹಳೆಯ ಚಾರ್ಜರ್ ತಂದರು. ಪಿನ್ ಸರಿಯಾಗಿ ಕೂತಿತು. ರಾತ್ರಿ ಚಾರ್ಜಿಗೆ ಹಾಕಿ ಮಲಗಿದರು. ಬೆಳಿಗ್ಗೆ ನೋಡಿದರೆ ಬ್ಯಾಟರಿಗಳು ಉಬ್ಬಿದ್ದವು, ಮನೆಯೆಲ್ಲ ಆಸಿಡ್ ವಾಸನೆ. ಜೀವಕ್ಕೆ ಏನೂ ಆಗಲಿಲ್ಲ, ಅಲ್ಲಾಹನ ಕೃಪೆ. ಆದರೆ ಗಾಡಿ ಮೂಲೆಗೆ ಬಿತ್ತು. ತಂದೆ ಗಂಟು ಹೊತ್ತು ಬಸ್ಸಿನಲ್ಲಿ ತಿರುಗತೊಡಗಿದರು. ಇನ್ನೊಂದು ಗಂಟು ಹೊರಲು ಮಗ ಬೇಕಾಯಿತು. ಹುಡುಗನ ಗೈರುಹಾಜರಿಗೆ ಕಾರಣ ಇಷ್ಟೆ.

"ಪಿನ್ ಕೂತಿತಲ್ಲ ಮಾಸ್ಟರ್ ಸಾಬ್, ಕೂತ ಮೇಲೆ ಸರಿಯಾಗಿರಬೇಕಲ್ಲ" ಎಂದರು ಆ ತಂದೆ. ಅವರ ಈ ಒಂದು ಮಾತೇ ನನ್ನ ಇಂದಿನ ಭಾಷಣಕ್ಕೆ ಕಾರಣ.

ಅವರ ಗಾಡಿಯಲ್ಲಿ ಇದ್ದದ್ದು 12 ವೋಲ್ಟಿನ ಐದು ಬ್ಯಾಟರಿ, ಒಟ್ಟು 60 ವೋಲ್ಟ್. ತಂದ ಚಾರ್ಜರ್ ಆರು ಬ್ಯಾಟರಿಯದು, 72 ವೋಲ್ಟಿನದು. ಒಂದು ಬ್ಯಾಟರಿ ತುಂಬುವಾಗ ಹೆಚ್ಚೆಂದರೆ ಸುಮಾರು 14.7 ವೋಲ್ಟ್ ಬೇಡುತ್ತದೆ. ಐದಕ್ಕೆ 73 ವೋಲ್ಟ್ ಚಿಲ್ಲರೆ, ಆರಕ್ಕೆ 88 ವೋಲ್ಟ್. ಐದು ಜನರ ಹೊಟ್ಟೆಗೆ ಆರು ಜನರ ಊಟ ತುರುಕಿದಂತೆ ಆಯಿತು. ಪಿನ್ನಿನ ಆಕಾರ ಒಂದೇ ಆಗಿತ್ತು, ಅದರ ಹಿಂದಿನ ಲೆಕ್ಕ ಬೇರೆಯಾಗಿತ್ತು. ಅದನ್ನು ತಡೆಯುವ ಏರ್ಪಾಡು ಆ ಪಿನ್ನಿನಲ್ಲಿ ಇರಲಿಲ್ಲ.

ಬಂಧುಗಳೆ, ಮಾನಕ ಎಂದರೆ ಏನು? ಎಲ್ಲರೂ ಒಪ್ಪಿ ಬರೆದಿಟ್ಟ ಅಳತೆ. ಇದರ ಬೆಲೆ ನಮಗೆ ಹೊಸದಲ್ಲ. ಇಲ್ಲಿರುವ ದೊಡ್ಡವರೆಲ್ಲ ಮೊಬೈಲಿಗೆ "ನೋಕಿಯಾ ಸಣ್ಣ ಪಿನ್ ಇದೆಯಾ, ದಪ್ಪ ಪಿನ್ ಇದೆಯಾ" ಎಂದು ಮನೆ ಮನೆ ಕೇಳಿದವರೆ. ಇಂದು ಟೈಪ್-ಸಿ ಪಿನ್ ಬಂದು ಆ ಅಲೆದಾಟ ತಪ್ಪಿದೆ. ಯುರೋಪ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲ್‌ಗಳಿಗೆ ಅದನ್ನೇ ಕಡ್ಡಾಯ ಮಾಡಿತು. ಕೆ.ಆರ್. ನಗರದವರಿಗೆ ಇನ್ನೊಂದು ಉದಾಹರಣೆ ನೆನಪಿರಬೇಕು. ನಿಮ್ಮೂರ ಮೇಲೆ ಹಾಸನದ ಕಡೆಗೆ ಹೋಗುವ ರೈಲು ಮೊದಲು ಮೀಟರ್ ಗೇಜ್. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು. ಎರಡು ಹಳಿಗಳ ನಡುವಿನ ಅಂತರ ಬೇರೆಯಾದರೆ ಎಷ್ಟೇ ಒಳ್ಳೆಯ ಬೋಗಿಯಾದರೂ ಅಲ್ಲಿಗೇ ನಿಲ್ಲಬೇಕು, ಜನರು ಗಂಟುಮೂಟೆ ಇಳಿಸಿ ಬೇರೆ ರೈಲು ಹತ್ತಬೇಕು. ನಮ್ಮ ಮನೆಗಳ ದುಂಡು ಮೂರು ಪಿನ್ನಿನ ಪ್ಲಗ್ ಕೂಡ ಒಂದು ಮಾನಕವೆ. ಅದು ಬ್ರಿಟಿಷರು ತಂದದ್ದು. 1947ರಲ್ಲಿ ಅವರು ತಮ್ಮ ದೇಶಕ್ಕೆ ಚಪ್ಪಟೆ ಪಿನ್ನಿನ ಹೊಸ ಮಾನಕ ಬರೆದುಕೊಂಡರು, ನಾವು ದುಂಡು ಪಿನ್ನನ್ನೇ ಉಳಿಸಿಕೊಂಡೆವು. ಆದರೆ ಎಲ್ಲರೂ ಅದನ್ನೇ ಉಳಿಸಿಕೊಂಡದ್ದರಿಂದ ಹುಣಸೂರಿನಲ್ಲಿ ಕೊಂಡ ಇಸ್ತ್ರಿಪೆಟ್ಟಿಗೆ ಬೀದರಿನಲ್ಲೂ ಕೆಲಸ ಮಾಡುತ್ತದೆ.

ಇನ್ನು ವಾಹನಗಳ ವಿಷಯಕ್ಕೆ ಬರೋಣ. ಮೊದಲು ಒಂದು ಮಾತು ತಿಳಿದಿರಲಿ. ಕಂಬದಿಂದ ಮನೆಗೆ ಬರುವ ವಿದ್ಯುತ್ತು ಎಸಿ. ಬ್ಯಾಟರಿ ಒಳಗೆ ತೆಗೆದುಕೊಳ್ಳುವುದು ಡಿಸಿ. ಎಸಿಯನ್ನು ಡಿಸಿ ಮಾಡುವ ಪೆಟ್ಟಿಗೆ ಗಾಡಿಯೊಳಗೆ ಇದ್ದರೆ ನಾವು ಎಸಿ ಕೇಬಲ್ ಚುಚ್ಚುತ್ತೇವೆ, ಚಾರ್ಜ್ ನಿಧಾನ. ಆ ಪೆಟ್ಟಿಗೆ ಹೊರಗೆ, ಸ್ಟೇಷನ್ನಿನಲ್ಲಿ ದೊಡ್ಡದಾಗಿ ಇದ್ದರೆ ಡಿಸಿ ನೇರವಾಗಿ ಬ್ಯಾಟರಿಗೆ ಹೋಗುತ್ತದೆ, ಚಾರ್ಜ್ ವೇಗ. ಎಸಿ, ಡಿಸಿ ಎರಡಕ್ಕೂ ಬೇರೆ ಬೇರೆ ಪಿನ್ನುಗಳು ಹುಟ್ಟಿದ್ದು ಹೀಗೆ.

ನಮ್ಮ ರಾಜ್ಯ ಇದರಲ್ಲಿ ಹಿಂದೆ ಬಿದ್ದಿಲ್ಲ. 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬಂತು. ಅದಕ್ಕೆ ಮನೆಯ 15 ಆಂಪಿಯರ್ ಸಾಕೆಟ್ಟೇ ಸಾಕಾಗಿತ್ತು. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು 2017ರಲ್ಲಿ ಮೊದಲು ಪ್ರಕಟಿಸಿದ ರಾಜ್ಯವೂ ಕರ್ನಾಟಕವೆ. 2018ರಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ತನ್ನ ಕಚೇರಿಯಲ್ಲಿ ಬೆಸ್ಕಾಂ ಚಾರ್ಜಿಂಗ್ ಕೇಂದ್ರ ತೆರೆಯಿತು.

ಆದರೆ ಆ ವರ್ಷಗಳಲ್ಲಿ ದೇಶ ಒಂದು ದುಬಾರಿ ಪಾಠ ಕಲಿಯಿತು. 2017ರಲ್ಲಿ ಕೇಂದ್ರ ಸರ್ಕಾರದ ಕಡೆಯಿಂದ ಎರಡು ಮಾನಕ ಬಂದವು. ಒಂದು ಭಾರತ್ ಎಸಿ-001. ಮದುವೆ ಮನೆಯಲ್ಲಿ ಶಾಮಿಯಾನ, ಲೈಟಿಂಗಿನವರು ಬಳಸುವ ದಪ್ಪ ನೀಲಿ ಪ್ಲಗ್ ನೋಡಿದ್ದೀರಲ್ಲ, ಆ ಜಾತಿಯ ಪ್ಲಗ್ ಅದು. ಒಂದು ಪೆಟ್ಟಿಗೆಯಲ್ಲಿ ಮೂರು ಸಾಕೆಟ್, ಒಂದೊಂದಕ್ಕೆ 3.3 ಕಿಲೋವ್ಯಾಟ್. ಇನ್ನೊಂದು ಭಾರತ್ ಡಿಸಿ-001. ಅದರ ಪಿನ್ ಚೀನಾ ದೇಶದ ಜಿಬಿ/ಟಿ ಮಾದರಿಯದು, 15 ಕಿಲೋವ್ಯಾಟ್. ಆಗ ಸರ್ಕಾರಿ ಇಲಾಖೆಗಳಿಗಾಗಿ ಕೊಂಡ ವಿದ್ಯುತ್ ಕಾರುಗಳು 72 ವೋಲ್ಟಿನವು, ಅವಕ್ಕೆ ಇದು ಹೊಂದಿತು. 2018ರ ಡಿಸೆಂಬರಿನ ಮಾರ್ಗಸೂಚಿ ಒಂದೊಂದು ಸಾರ್ವಜನಿಕ ಕೇಂದ್ರದಲ್ಲೂ ಐದು ಬಗೆಯ ಚಾರ್ಜರ್ ಇರಲೇಬೇಕು ಎಂದಿತು. ಯುರೋಪಿನದು ಎರಡು, ಜಪಾನಿನ ಚಾಡೆಮೊ ಒಂದು, ನಮ್ಮವು ಎರಡು. ಒಂದೇ ಅಂಗಡಿಯಲ್ಲಿ ಐದು ಭಾಷೆಯ ಗುಮಾಸ್ತರನ್ನು ಕೂರಿಸಿದಂತೆ. ಖರ್ಚು ಯಾರು ಹೊರಬೇಕು? 2019ರ ಅಕ್ಟೋಬರಿನಲ್ಲಿ ಆ ಕಡ್ಡಾಯ ಸಡಿಲವಾಯಿತು.

ಅಷ್ಟರಲ್ಲಿ ಮಾರುಕಟ್ಟೆಯೇ ತೀರ್ಮಾನ ಮಾಡಿತ್ತು. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಸೇರಿದಂತೆ ಹೊಸ ಕಾರುಗಳು ಸಿಸಿಎಸ್-2 ಎಂಬ ಯುರೋಪಿನ ಪಿನ್ ಹೊತ್ತು ಬಂದವು. ಅವುಗಳ ಬ್ಯಾಟರಿ 300 ವೋಲ್ಟಿಗೂ ಮೇಲೆ. ಹಳೆಯ ಡಿಸಿ-001ಕ್ಕೆ ಯಾವ ಅಡಾಪ್ಟರ್ ಹಾಕಿದರೂ ಪ್ರಯೋಜನವಿಲ್ಲ, ಯಾಕೆಂದರೆ ಅದು ಅಷ್ಟು ವೋಲ್ಟೇಜ್ ಕೊಡಲಾರದು. ಬೆಡ್‌ಶೀಟ್ ಮಾರುವ ನಮ್ಮ ಬಂಧುವಿಗೆ ಆದದ್ದೂ ದೊಡ್ಡ ದೊಡ್ಡ ಯೋಜನೆಗಳಿಗೆ ಆದದ್ದೂ ಒಂದೇ. ಪಿನ್ನಿನ ಹಿಂದಿನ ಲೆಕ್ಕ ಹೊಂದಲಿಲ್ಲ.

ಜಗತ್ತಿನಲ್ಲೂ ಇದೇ ಕಥೆ. ಜಪಾನಿನವರು 2010ರಲ್ಲಿ ಚಾಡೆಮೊ ತಂದರು. ಅವರ ಭಾಷೆಯಲ್ಲಿ ಆ ಹೆಸರು "ಚಹಾ ಕುಡಿಯೋಣವೇ" ಎಂಬ ಮಾತನ್ನು ನೆನಪಿಸುತ್ತದಂತೆ. ನಮ್ಮ ಚಾಯ್‌ಗೂ ಅವರ "ಚಾ"ಗೂ ನಂಟು ನೋಡಿ. ಚಹಾ ಮುಗಿಯುವಷ್ಟರಲ್ಲಿ ಗಾಡಿ ಸಿದ್ಧ ಎಂಬ ಭಾವ. ಜರ್ಮನಿಯ ಮೆನ್ನೆಕೆಸ್ ಕಂಪೆನಿ ರೂಪಿಸಿದ ಟೈಪ್-2 ಪಿನ್ನನ್ನು ಯುರೋಪ್ ಒಕ್ಕೂಟ 2014ರಲ್ಲಿ ತನ್ನ ಮಾನಕವಾಗಿ ಒಪ್ಪಿತು. ಅಮೆರಿಕದ ಟೆಸ್ಲಾ ತನ್ನ ಪಿನ್ನಿನ ವಿನ್ಯಾಸವನ್ನು 2022ರ ನವೆಂಬರಿನಲ್ಲಿ ಇತರರಿಗೂ ತೆರೆದಿಟ್ಟಿತು, 2023ರಲ್ಲಿ ಫೋರ್ಡ್, ಜನರಲ್ ಮೋಟಾರ್ಸ್ ಅದನ್ನು ಒಪ್ಪಿಕೊಂಡವು. ಬೀಗ ಹಾಕಿಟ್ಟ ಪಿನ್ನಿಗಿಂತ ಹಂಚಿಕೊಂಡ ಪಿನ್ನು ದೂರ ಹೋಗುತ್ತದೆ ಎಂಬುದು ಇದರ ಸಾರ.

ಈಗ ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಕೇಳಬೇಕು. ಟೈಪ್-2 ಪಿನ್ನಿನಲ್ಲಿ ಏಳು ಕಡ್ಡಿಗಳಿವೆ. ಮೂರು ಫೇಸ್, ಒಂದು ನ್ಯೂಟ್ರಲ್, ಒಂದು ಅರ್ತ್. ಉಳಿದ ಎರಡು ಚಿಕ್ಕ ಕಡ್ಡಿಗಳು ಚಾರ್ಜ್ ಮಾಡುವ ಕರೆಂಟ್ ಹೊರುವುದಿಲ್ಲ, ಮಾತನಾಡುತ್ತವೆ. ಭಾಷೆಯ ಮೇಷ್ಟ್ರಾದ ನನಗೆ ಪ್ರಿಯವಾದದ್ದು ಈ ಎರಡೆ. ಕೇಬಲ್ ಚುಚ್ಚಿದ ಕೂಡಲೆ ಕರೆಂಟ್ ಹರಿಯುವುದಿಲ್ಲ. ಗಾಡಿ ಇಲ್ಲದಾಗ ಒಂದು ಕಡ್ಡಿಯಲ್ಲಿ 12 ವೋಲ್ಟ್ ಇರುತ್ತದೆ. ಗಾಡಿ ಸೇರಿದಾಗ ಅದು 9ಕ್ಕೆ ಇಳಿಯುತ್ತದೆ. "ನಾನು ಬಂದಿದ್ದೇನೆ" ಎಂಬ ಸಲಾಂ ಅದು. ಚಾರ್ಜರ್ ಸೆಕೆಂಡಿಗೆ 1000 ಸಲ ಮಿಡಿಯುವ ಸಂಕೇತದಿಂದ ತಾನು ಎಷ್ಟು ಆಂಪಿಯರ್ ಕೊಡಬಲ್ಲೆ ಎಂದು ಹೇಳುತ್ತದೆ. ಪ್ರತಿ ಮಿಡಿತದಲ್ಲಿ ಹತ್ತನೇ ಒಂದು ಪಾಲು ಸಂಕೇತ ಮೇಲೆದ್ದಿದ್ದರೆ 6 ಆಂಪಿಯರ್, ಅರ್ಧ ಪಾಲು ಇದ್ದರೆ 30 ಆಂಪಿಯರ್. ಗಾಡಿ "ಸರಿ, ಸಿದ್ಧನಿದ್ದೇನೆ" ಎಂದಾಗ ವೋಲ್ಟೇಜ್ 6ಕ್ಕೆ ಇಳಿಯುತ್ತದೆ. ಆಗ ಮಾತ್ರ ಚಾರ್ಜರಿನ ಒಳಗಿನ ಸ್ವಿಚ್ ಮುಚ್ಚಿ ಕರೆಂಟ್ ಹರಿಯುತ್ತದೆ. ಸಲಾಮಿಗೆ ಜವಾಬು ಬಾರದೆ ಬಾಗಿಲು ತೆರೆಯುವುದಿಲ್ಲ. ಇನ್ನೊಂದು ಕಡ್ಡಿ ಕೇಬಲ್ಲಿನ ತಾಕತ್ತನ್ನು ತಿಳಿಸುತ್ತದೆ. ಕೇಬಲ್ಲಿನ ಪ್ಲಗ್ಗಿನೊಳಗೆ 680 ಓಮ್‌ನ ರೆಸಿಸ್ಟರ್ ಇದ್ದರೆ ಅದು 20 ಆಂಪಿಯರ್ ಹೊರುವ ಕೇಬಲ್, 220 ಓಮ್ ಇದ್ದರೆ 32 ಆಂಪಿಯರಿನದು. ಸಿಸಿಎಸ್-2 ಎಂದರೆ ಇದೇ ಆಕಾರದ ಕೆಳಗೆ ಡಿಸಿಗಾಗಿ ಎರಡು ದಪ್ಪ ಕಡ್ಡಿ ಸೇರಿಸಿದ್ದು. ಅಲ್ಲಿ ಮಾತುಕತೆ ಇನ್ನೂ ವಿವರವಾಗಿ ನಡೆಯುತ್ತದೆ, ಎಷ್ಟು ವೋಲ್ಟ್ ಬೇಕೆಂಬುದನ್ನು ಗಾಡಿಯೇ ಕೇಳಿ ಪಡೆಯುತ್ತದೆ.

ಆ ಬಡ ತಂದೆಯ ಚಾರ್ಜರಿನಲ್ಲಿ ಇಲ್ಲದೇ ಹೋದದ್ದು ಈ ಸಲಾಂ. ಪಿನ್ ಕೂತಿತು, ಮಾತು ಕೂಡಲಿಲ್ಲ.

ಹಾಗಾದರೆ ನಮ್ಮಂಥವರ ಸ್ಕೂಟರ್, ಆಟೋಗಳ ಗತಿಯೇನು? ಕಾರಿನ ಪಿನ್ ಅವಕ್ಕೆ ದೊಡ್ಡದು, ದುಬಾರಿ. ಬೇರೆ ಬೇರೆ ಕಂಪೆನಿಗಳು ಬೇರೆ ಬೇರೆ ಪಿನ್ ಇಟ್ಟುಕೊಂಡವು. ಬೆಂಗಳೂರಿನ ಏಥರ್ ಕಂಪೆನಿ 2021ರಲ್ಲಿ ತನ್ನ ಪಿನ್ನಿನ ವಿನ್ಯಾಸವನ್ನು ಬೇರೆ ಕಂಪೆನಿಗಳಿಗೂ ತೆರೆದಿಟ್ಟಿತು. ಅದೇ ಬುನಾದಿಯ ಮೇಲೆ 2023ರಲ್ಲಿ ಭಾರತೀಯ ಮಾನಕ ಬ್ಯೂರೊ, ಅಂದರೆ ನಮಗೆ ಐಎಸ್ಐ ಮಾರ್ಕಿನಿಂದ ಪರಿಚಯವಿರುವ ಸಂಸ್ಥೆ, ಐಎಸ್ 17017ರ ಭಾಗ 2, ವಿಭಾಗ 7 ಎಂಬ ಮಾನಕ ಹೊರಡಿಸಿತು. ದ್ವಿಚಕ್ರ, ತ್ರಿಚಕ್ರದಂಥ ಹಗುರ ವಾಹನಗಳಿಗೆ ಎಸಿ, ಡಿಸಿ ಎರಡನ್ನೂ ಒಂದೇ ಪಿನ್ನಿನಲ್ಲಿ ಕೊಡುವ ಮಾನಕ ಅದು. ಹೀರೊ ಕಂಪೆನಿಯ ವಿಡಾ ಸ್ಕೂಟರ್ ಕೂಡ ಇದನ್ನೇ ಬಳಸುತ್ತದೆ. ಆದರೆ ಎಲ್ಲ ಕಂಪೆನಿಗಳೂ ಇದನ್ನು ಒಪ್ಪಿಕೊಂಡಿಲ್ಲ. ಆದ್ದರಿಂದ ಕೊಳ್ಳುವವನೇ ಕೇಳಿ ತಿಳಿದುಕೊಳ್ಳಬೇಕು.

ಏನು ಕೇಳಬೇಕು? ನಾಲ್ಕೇ ಪ್ರಶ್ನೆ. ಬ್ಯಾಟರಿ ಎಷ್ಟು ವೋಲ್ಟಿನದು, ಸೀಸ-ಆಸಿಡ್ ಜಾತಿಯದೋ ಲಿಥಿಯಂ ಜಾತಿಯದೋ? ಚಾರ್ಜರಿನ ಮೇಲೆ ಬರೆದಿರುವ ಔಟ್‌ಪುಟ್ ವೋಲ್ಟ್ ಮತ್ತು ಆಂಪಿಯರ್ ಎಷ್ಟು? ಪಿನ್ ಯಾವ ಮಾನಕದ್ದು? ಚಾರ್ಜರ್ ಕೆಟ್ಟರೆ ಬೇರೆಡೆ ಸಿಗುವುದೋ? ಈ ನಾಲ್ಕಕ್ಕೆ ಉತ್ತರ ಹೇಳಲಾರದ ಅಂಗಡಿಯಲ್ಲಿ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ. ಇದ್ದ ಚಾರ್ಜರಿನ ಚೀಟಿಯ ಫೋಟೋ ಇಂದೇ ತೆಗೆದಿಟ್ಟುಕೊಳ್ಳಿ. ಸುಟ್ಟ ಮೇಲೆ ಅಕ್ಷರ ಓದಲಾಗುವುದಿಲ್ಲ.

ಕೇಬಲ್ಲಿನ ಬಗ್ಗೆ ತಾಯಂದಿರಿಗೆ ಎರಡು ಮಾತು. ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ಉರಿಯುತ್ತದೆ, ಗಾಡಿ ರಾತ್ರಿಯಿಡೀ ಎಳೆಯುತ್ತದೆ. 230 ವೋಲ್ಟಿನಲ್ಲಿ 15 ಆಂಪಿಯರ್ ಎಂದರೆ ಸುಮಾರು ಮೂರೂವರೆ ಕಿಲೋವ್ಯಾಟ್. 30 ಯೂನಿಟ್ ಹಿಡಿಯುವ ಕಾರಿಗೆ ಒಂಬತ್ತು ಹತ್ತು ಗಂಟೆ ಬೇಕು. ತಂತಿಯಲ್ಲಿ ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. ಟಿವಿಗೆ ಹಾಕುವ ತೆಳು ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಆಟೋವನ್ನೋ ಕಾರನ್ನೋ ಚಾರ್ಜಿಗೆ ಹಾಕಿದರೆ ಮೊದಲು ಸಡಿಲ ಪಿನ್ ಕರಗುತ್ತದೆ, ಆಮೇಲೆ ಬೆಂಕಿ. ಗಾಡಿಗೆ ಪ್ರತ್ಯೇಕ 16 ಆಂಪಿಯರ್ ಪಾಯಿಂಟ್, ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ, 30 ಮಿಲಿಆಂಪಿಯರಿಗೆ ಬಿದ್ದುಹೋಗುವ ಆರ್‌ಸಿಸಿಬಿ ಇರಲಿ. ಎಲ್ಲಕ್ಕಿಂತ ಮುಖ್ಯ ಅರ್ತ್. ಸಾಕೆಟ್ಟಿನ ಮೂರನೇ ದೊಡ್ಡ ತೂತು ಅಲಂಕಾರಕ್ಕಲ್ಲ. ಎಷ್ಟೋ ಹಳೆಯ ಮನೆಗಳಲ್ಲಿ ಅದರ ಹಿಂದೆ ತಂತಿಯೇ ಇರುವುದಿಲ್ಲ. ಚಾರ್ಜಿಗೆ ಹಾಕಿದ ಗಾಡಿಯನ್ನು ಬಾಗಿಲಿಗೆ ಅಡ್ಡವಾಗಿ, ಮಲಗುವ ಜಾಗದ ಪಕ್ಕ ಇಡಬೇಡಿ.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಮಾತು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ 275 ಹುಣಸೂರು, ಪಿರಿಯಾಪಟ್ಟಣದ ಮೇಲೆಯೇ ಹೋಗುತ್ತದೆ. ಹೆದ್ದಾರಿಯಲ್ಲಿ 25 ಕಿಲೋಮೀಟರಿಗೆ ಒಂದು ಚಾರ್ಜಿಂಗ್ ಕೇಂದ್ರವಿರಬೇಕು ಎಂದು 2018ರ ಮಾರ್ಗಸೂಚಿಯಲ್ಲೇ ಇತ್ತು. ಮೈಸೂರಿಗೆ ಹುಣಸೂರು ಸುಮಾರು 45 ಕಿಲೋಮೀಟರ್, ಅಲ್ಲಿಂದ ಪಿರಿಯಾಪಟ್ಟಣ ಮತ್ತೆ ಸುಮಾರು 25. ಎಚ್.ಡಿ. ಕೋಟೆಯ ಮೇಲೆ ಕಬಿನಿಗೂ ಬಾವಲಿ ದಾಟಿ ಕೇರಳಕ್ಕೂ ಗಾಡಿಗಳು ಹೋಗುತ್ತವೆ. ಈ ರಸ್ತೆಗಳಲ್ಲಿ ಚಾರ್ಜರ್ ಕೂರಿಸುವವರು, ಕೆಟ್ಟಾಗ ಸರಿಮಾಡುವವರು ಯಾರು? ಬೆಂಗಳೂರಿನಿಂದ ಬರಬೇಕೆ? ನಮ್ಮಲ್ಲಿ ಗ್ಯಾರೇಜ್, ವೈಂಡಿಂಗ್, ವೈರಿಂಗ್ ಕೆಲಸ ತಂದೆಯಿಂದ ಮಗನಿಗೆ ಬಂದ ಮನೆಗಳು ಎಷ್ಟಿಲ್ಲ! ಪೆಟ್ರೋಲ್ ಎಂಜಿನ್ ಕಡಿಮೆಯಾದಂತೆ ಕಾರ್ಬೊರೇಟರ್ ಬಿಚ್ಚುವ ಕೈಗಳಿಗೆ ಕೆಲಸ ಕಡಿಮೆಯಾಗುತ್ತದೆ. ಅದೇ ಕೈಗಳು ಮಲ್ಟಿಮೀಟರ್ ಹಿಡಿಯಲು ಕಲಿತರೆ ಅನ್ನ ತಪ್ಪುವುದಿಲ್ಲ. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಕಾಯ್ದೆಯಡಿ ಲೈಸೆನ್ಸ್ ಬೇಡ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ನೆರೆಯ ಕೇರಳದಲ್ಲಿ 2021ರಲ್ಲಿ ಕೋಝಿಕ್ಕೋಡಿನಲ್ಲಿ ವಿದ್ಯುತ್ ಕಂಬಕ್ಕೇ ಆಟೋ, ಸ್ಕೂಟರುಗಳ ಚಾರ್ಜಿಂಗ್ ಪೆಟ್ಟಿಗೆ ಕಟ್ಟಿ ಆರಂಭಿಸಿದರು. ದೊಡ್ಡ ಬಂಡವಾಳದ ಕೆಲಸವೇ ಆಗಬೇಕೆಂದಿಲ್ಲ.

ಸಂಘದ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ. ಒಂದು, ಮುಂದಿನ ವರ್ಷದ ಉದ್ಯೋಗ ಮಾರ್ಗದರ್ಶನ ಶಿಬಿರದಲ್ಲಿ ಡಾಕ್ಟರ್, ಎಂಜಿನಿಯರ್ ಜೊತೆಗೆ ಐಟಿಐ ಓದಿದ ಒಬ್ಬ ಎಲೆಕ್ಟ್ರಿಷಿಯನ್ನನ್ನೂ ವೇದಿಕೆಗೆ ಕರೆಯಿರಿ. ಎರಡು, ನಮ್ಮ ಸಭಾಭವನದಲ್ಲಿ ಸರಿಯಾದ ಅರ್ತ್ ಇರುವ, ಮೀಟರ್ ಇರುವ ಎರಡು 16 ಆಂಪಿಯರ್ ಪಾಯಿಂಟ್ ಹಾಕಿಸಿ. ಆಟೋದವರು ಹಣ ಕೊಟ್ಟು ಬಳಸಲಿ, ಮಕ್ಕಳು ಅದನ್ನು ನೋಡಿ ಕಲಿಯಲಿ. ಮೂರನೆಯದು ನನ್ನ ಪಾಲಿನ ಕೆಲಸ. ಭಾರತೀಯ ಮಾನಕಗಳಲ್ಲಿ ಹೆಚ್ಚಿನವನ್ನು ಬ್ಯೂರೊದ ಜಾಲತಾಣದಲ್ಲಿ ಪುಕ್ಕಟೆ ಓದಬಹುದು. ಆದರೆ ಅವು ನಮ್ಮ ಎಲೆಕ್ಟ್ರಿಷಿಯನ್ನರು ಮಾತನಾಡುವ ಕನ್ನಡದಲ್ಲೂ ಇಲ್ಲ, ಉರ್ದುವಿನಲ್ಲೂ ಇಲ್ಲ. ಪಿನ್, ವೋಲ್ಟ್, ಅರ್ತ್, ಕೇಬಲ್ ಇವುಗಳ ಬಗ್ಗೆ ಎರಡೂ ಭಾಷೆಯಲ್ಲಿ ಒಂದು ಗೋಡೆಪಟ ಬರೆಯುತ್ತಿದ್ದೇನೆ. ವಿಜ್ಞಾನದ ಶಿಕ್ಷಕರು ತಿದ್ದಿಕೊಟ್ಟ ಮೇಲೆ ನಾಲ್ಕು ತಾಲ್ಲೂಕಿನ ಶಾಲೆಗಳಿಗೂ ಕೊಡುತ್ತೇನೆ. ಭಾಷೆ ಕಲಿಸುವುದೆಂದರೆ ಕವಿತೆ ಕಲಿಸುವುದು ಮಾತ್ರವಲ್ಲ, ಬ್ಯಾಟರಿಯ ಮೇಲಿನ ಚೀಟಿ ಓದಲು ಕಲಿಸುವುದೂ ಹೌದು.

ಕೊನೆಯದಾಗಿ ಆ ಹುಡುಗನ ವಿಷಯ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಐಟಿಐ ಮುಗಿಸಿ ವೈರಿಂಗ್ ಕೆಲಸ ಮಾಡುತ್ತಾನೆ. ಅವನನ್ನು ಕರೆದುಕೊಂಡು ಹೋದೆ. ಸೀಟು ಎತ್ತಿ ಬ್ಯಾಟರಿ ಎಣಿಸಿದ, ಚಾರ್ಜರಿನ ಚೀಟಿ ಓದಿದ, ಐದು ನಿಮಿಷದಲ್ಲಿ ತಪ್ಪು ಎಲ್ಲಿದೆ ಎಂದು ಹೇಳಿದ. ಕಂತಿನ ಮೇಲೆ ಐದು ಹೊಸ ಬ್ಯಾಟರಿ, ಅದಕ್ಕೆ ಹೊಂದುವ 60 ವೋಲ್ಟಿನ ಚಾರ್ಜರ್ ಬಂದವು. ಹಳೆಯ ಸಾಕೆಟ್ ತೆಗೆದು ಅರ್ತ್ ಇರುವ ಹೊಸ ಪಾಯಿಂಟ್ ಹಾಕಿಕೊಟ್ಟ. ಕಂತು ಇನ್ನೂ ತೀರಿಲ್ಲ, ಆದರೆ ಗಾಡಿ ಓಡುತ್ತಿದೆ. ಹುಡುಗ ಶಾಲೆಗೆ ಬರುತ್ತಿದ್ದಾನೆ. ಚಾರ್ಜರಿನ ಮೇಲೆ ತಾನೇ ಮಾರ್ಕರಿನಿಂದ ಉರ್ದು, ಕನ್ನಡ ಎರಡರಲ್ಲೂ "60 ವೋಲ್ಟ್ ಮಾತ್ರ" ಎಂದು ಬರೆದಿದ್ದಾನೆ. ಕನ್ನಡದಲ್ಲಿ ವೋಲ್ಟ್‌ನ ಲಕಾರಕ್ಕೆ ಒತ್ತು ತಪ್ಪಿದ್ದಾನೆ. ಅದನ್ನು ತಿದ್ದುವ ಕೆಲಸ ನನ್ನದು.